ಜೇಬಿಗೊಂದು ಹಗುರವಾದ ಮಡಚುವ ಚಾಕು

ಬೆಂಗಳೂರಿನಲ್ಲಿ ಬೇರೆಯವರ ತಾರಸಿ ತೋಟಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬಸವನಗುಡಿ, ಜಯನಗರ, ಬನಶಂಕರಿ, ಒಮ್ಮೊಮ್ಮೆ ಮಲ್ಲೇಶ್ವರ. ಸ್ಕೂಟರಿನಲ್ಲಿ ಹೋಗುತ್ತೇನೆ, ಮೂರು ನಾಲ್ಕು ಮಹಡಿ ಹತ್ತುತ್ತೇನೆ, ಮಣ್ಣು ಕಲಸುತ್ತೇನೆ, ಬಳ್ಳಿ ಕಟ್ಟುತ್ತೇನೆ. ಈ ಕೆಲಸದಲ್ಲಿ ಮೇಲಿಂದ ಮೇಲೆ ಏನಾದರೂ ಕತ್ತರಿಸಬೇಕಾಗುತ್ತದೆ. ಕೊಂಬೆ ಸವರಲು ದೊಡ್ಡ ಕತ್ತರಿ ಇದೆ. ಆದರೆ ಅದು ಚೀಲದಲ್ಲಿರುತ್ತದೆ, ಚೀಲ ತಾರಸಿಯ ಆ ಮೂಲೆಯಲ್ಲಿರುತ್ತದೆ. ಕೈಯಲ್ಲಿ ಹೀರೇಬಳ್ಳಿ ಹಿಡಿದು ನಿಂತಿರುವಾಗ ಆ ಮೂಲೆ ಬಹಳ ದೂರ.

ಹಾಗಾಗಿ ಜೇಬಿನಲ್ಲೇ ಇರುವ, ಮಡಚುವ, ಭಾರ ಗೊತ್ತಾಗದ ಒಂದು ಚಾಕು ಬೇಕು ಅನ್ನಿಸಿತು. ಸುಲಭದ ಕೆಲಸ, ಅಂಗಡಿಗೆ ಹೋದರೆ ಮುಗಿಯಿತು ಅಂತ ಯಾರಿಗಾದರೂ ಅನ್ನಿಸುತ್ತದೆ ಅಲ್ವಾ? ಹಾಗಾಗಲಿಲ್ಲ. ನಿಜವಾಗಿ ಏನು ಬೇಕು ಅಂತ ತಿಳಿದುಕೊಳ್ಳುವುದಕ್ಕೇ ಒಂದು ಮಳೆಗಾಲ ಪೂರ್ತಿ ಹಿಡಿಯಿತು.

ಮೊದಲು ಮಾಡಿದ ಕೆಲಸ, ಏನನ್ನೆಲ್ಲ ಕತ್ತರಿಸುತ್ತೇನೆ ಅಂತ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದು. ಗೊಬ್ಬರದ ಚೀಲದ ಹೊಲಿಗೆ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆಗೆ ಸುತ್ತಿದ ಪ್ಲಾಸ್ಟಿಕ್. ಸೆಣಬಿನ ಹುರಿ. ಹನಿ ನೀರಾವರಿಯ 16 ಮಿಲಿಮೀಟರ್ ಪೈಪು, ಅದರಿಂದ ಕವಲೊಡೆಯುವ ಸಣ್ಣ 4 ಮಿಲಿಮೀಟರ್ ಪೈಪು. ಸಸಿ ಬಂದ ಪಾರ್ಸೆಲ್‌ನ ಟೇಪು. ಸೊಪ್ಪಿನ ದಂಟು. ಮನೆಯವರು ಪ್ರೀತಿಯಿಂದ ಕೊಡುವ ಸೀಬೆಹಣ್ಣು. ಪಟ್ಟಿ ನೋಡಿದಾಗ ಒಂದು ವಿಷಯ ತಿಳಿಯಾಯಿತು. ಇದರಲ್ಲಿ ಬಲ ಬೇಕಾದ ಕೆಲಸ ಒಂದೂ ಇಲ್ಲ. ಎರಡೂವರೆ, ಮೂರು ಇಂಚಿನ ಅಲಗು ಧಾರಾಳ ಸಾಕು. ಕೊಂಬೆ ಕಡಿಯುವುದು, ಏನನ್ನಾದರೂ ಮೀಟಿ ತೆಗೆಯುವುದು ಪಟ್ಟಿಯಲ್ಲೇ ಇರಲಿಲ್ಲ. ಅಂಗಡಿಗಳಲ್ಲಿ ಹೆಚ್ಚಾಗಿ ತೋರಿಸುವುದು ಮಾತ್ರ ಅಂಥ ಕೆಲಸಕ್ಕಾಗುವ ದಪ್ಪ ಚಾಕುಗಳನ್ನೇ.

ಅಷ್ಟು ದಿನ ಬಳಸುತ್ತಿದ್ದದ್ದು ಸ್ಟೇಷನರಿ ಅಂಗಡಿಯ ಪೇಪರ್ ಕಟರ್. ಅಲಗಿನ ತುದಿ ಮೊಂಡಾದರೆ ಒಂದು ತುಂಡು ಮುರಿದು ಹೊಸ ಅಂಚು ತೆಗೆಯುವಂಥದ್ದು. 1956ರಲ್ಲಿ ಜಪಾನಿನಲ್ಲಿ ಹುಟ್ಟಿದ ಉಪಾಯ ಅದು, ಕಾಗದದ ಕೆಲಸಕ್ಕೆ ಬಹಳ ಒಳ್ಳೆಯದು. ತೂಕ ಏನೂ ಇಲ್ಲ, ಬೆಲೆಯೂ ಇಲ್ಲ. ಆದರೆ ತೋಟಕ್ಕೆ ಅದು ಬೇಡವೇ ಬೇಡ ಅಂತ ಈಗ ಯಾರು ಕೇಳಿದರೂ ಹೇಳುತ್ತೇನೆ. ಆ ತೆಳು ಅಲಗು ಪೈಪಿನಲ್ಲಿ ಸ್ವಲ್ಪ ಅಡ್ಡಕ್ಕೆ ತಿರುಗಿದರೂ ಟಕ್ ಅಂತ ಮುರಿಯುತ್ತದೆ. ಮುರಿದ ತುಂಡು ಮಣ್ಣಿಗೆ ಬಿದ್ದರೆ ಹುಡುಕಿ ತೆಗೆಯುವುದು ಕಷ್ಟ. ನಾವು ಕುಂಡದಲ್ಲಿ ಬರಿಗೈ ಹಾಕುವವರು. ಮನೆಯ ಮಕ್ಕಳೂ ಅದೇ ಮಣ್ಣಿನಲ್ಲಿ ಕೈಯಾಡಿಸುತ್ತಾರೆ.

ಇನ್ನು ಭಾರದ ಮಾತು. ನಾನು ಹಾಕುವುದು ಹತ್ತಿಯ ಕುರ್ತಾ. ಅದರ ಜೇಬು ತೆಳು, ಹೊಲಿಗೆಯೂ ಅಷ್ಟಕ್ಕಷ್ಟೇ. ಟ್ರೆಕ್ಕಿಂಗ್ ಮಾಡುವ ಗೆಳತಿಯೊಬ್ಬಳು ತನ್ನ ಮಡಚುವ ಚಾಕು ಕೊಟ್ಟು ನೋಡು ಅಂದಳು. ಸ್ಟೀಲಿನ ಹಿಡಿ, ನೋಡಲು ಗಟ್ಟಿಮುಟ್ಟು. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ನೂರಿಪ್ಪತ್ತು ಗ್ರಾಂ ದಾಟಿತು. ಜೇಬಿಗೆ ಹಾಕಿಕೊಂಡರೆ ಕುರ್ತಾ ಒಂದು ಕಡೆಗೆ ಎಳೆಯುತ್ತದೆ. ಬಗ್ಗಿ ಕಳೆ ಕೀಳುವಾಗ ತೂಗಾಡಿ ಮೊಣಕಾಲಿಗೆ ಬಡಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದನ್ನು ತೆಗೆದು ಚೀಲಕ್ಕೆ ಹಾಕಿದ್ದೆ. ಚೀಲದಲ್ಲಿಡುವ ಹಾಗಿದ್ದರೆ ದೊಡ್ಡ ಕತ್ತರಿಯೇ ಇದೆಯಲ್ಲ. ಅಲ್ಲಿಗೆ ಒಂದು ಮಿತಿ ಹಾಕಿಕೊಂಡೆ. ಐವತ್ತು ಗ್ರಾಂ, ಅದರ ಮೇಲೆ ಬೇಡ.

ಹುಡುಕಾಟ ಶುರುವಾಗಿದ್ದು ಕೆ.ಆರ್. ಮಾರ್ಕೆಟ್ಟಿನಿಂದ. ಕುಡುಗೋಲು, ಮಚ್ಚು, ಈಳಿಗೆ ಮಣೆಗೆ ಅಲ್ಲಿ ಕೊರತೆಯಿಲ್ಲ. ಅವುಗಳಲ್ಲಿ ಕೆಲವು ನಿಜಕ್ಕೂ ಒಳ್ಳೆಯ ಕಬ್ಬಿಣ, ನನ್ನ ಕುಡುಗೋಲು ಅಲ್ಲಿಯದೇ. ಮಡಚುವ ಚಾಕುಗಳು ಮಾತ್ರ ಬೇರೆ ಮಾತು. ಬಿಚ್ಚಿದರೆ ಅಲಗು ಎಡಬಲಕ್ಕೆ ಆಡುತ್ತಿತ್ತು. ಅಲ್ಲಿಂದ ಎಸ್.ಪಿ. ರಸ್ತೆಗೆ ಹೋದೆ. ಯಂತ್ರದ ಬಿಡಿಭಾಗ, ತಂತಿ, ಸ್ಕ್ರೂ ಎಲ್ಲ ಸಿಗುವ ಬೀದಿ. ಅಲ್ಲಿ ಕಂಡದ್ದು ಹೆಚ್ಚಾಗಿ ಕಪ್ಪು ಬಣ್ಣ ಬಳಿದ, ತುದಿಯಲ್ಲಿ ಗಾಜು ಒಡೆಯುವ ಮೊಳೆ ಇರುವ, ಸೈನ್ಯದ ಚಿತ್ರದ ಡಬ್ಬಿಯಲ್ಲಿ ಬರುವ ಚಾಕುಗಳು. ಕೈಗೆ ತೆಗೆದುಕೊಂಡರೆ ಭಾರ, ಅಲಗೂ ದಪ್ಪ.

ಈ ಓಡಾಟದಲ್ಲಿ ಚಾಕು ನೋಡುವ ಕ್ರಮ ಕಲಿತೆ. ಅಂಗಡಿಯಲ್ಲಿ ಎರಡು ನಿಮಿಷದಲ್ಲಿ ಮಾಡಬಹುದು. ಬಿಚ್ಚಿ, ಅಲಗಿನ ಬೆನ್ನು ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ ನೋಡಬೇಕು. ಅಲ್ಲಾಡಬಾರದು. ಮಡಚಿ ಬೆಳಕಿಗೆ ಹಿಡಿದರೆ ಅಲಗು ಎರಡು ಹಿಡಿಗಳ ನಡುಮಧ್ಯ ಇರಬೇಕು, ಒಂದು ಕಡೆಗೆ ಉಜ್ಜಬಾರದು. ತುದಿ ಎಲ್ಲೂ ಹೊರಗೆ ಇಣುಕಬಾರದು, ಇಣುಕಿದರೆ ಜೇಬೂ ಬೆರಳೂ ಹೋಯಿತು. ಆಮೇಲೆ ಅಂಚಿನ ಹಿಂದೆ ಅಲಗು ಎಷ್ಟು ದಪ್ಪ ಇದೆ ಅಂತ ನೇರವಾಗಿ ಮೇಲಿನಿಂದ ನೋಡಬೇಕು.

ಈ ಕೊನೆಯದ್ದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ಚಾಕು ಬಗ್ಗೆ ವಿಚಾರಿಸಿದರೆ ಎಲ್ಲರೂ ಉಕ್ಕಿನ ಹೆಸರು ಹೇಳುತ್ತಾರೆ. ಡಿ2, 8ಸಿಆರ್13ಎಂಒವಿ, ವಿಜಿ-10, ಎಸ್30ವಿ. ಇವುಗಳ ನಡುವೆ ವ್ಯತ್ಯಾಸ ಖಂಡಿತ ಇದೆ. ಡಿ2ನಲ್ಲಿ ಇಂಗಾಲ ಸುಮಾರು 1.5 ಶೇಕಡ, ಅಂಚು ಬಹಳ ದಿನ ನಿಲ್ಲುತ್ತದೆ. ಆದರೆ ಕ್ರೋಮಿಯಂ 12 ಶೇಕಡದ ಆಸುಪಾಸು ಇದ್ದರೂ ಅದರಲ್ಲಿ ಬಹಳಷ್ಟು ಇಂಗಾಲದ ಜೊತೆಗೇ ಸೇರಿಕೊಂಡುಬಿಡುತ್ತದೆ. ಹಾಗಾಗಿ ತೇವದಲ್ಲಿ ಬಿಟ್ಟರೆ ಚುಕ್ಕೆ ಚುಕ್ಕೆ ತುಕ್ಕು ಕಾಣಿಸಿಕೊಳ್ಳುತ್ತದೆ. ಇದೆಲ್ಲ ಸರಿ. ಆದರೆ ಹುರಿ, ಪ್ಲಾಸ್ಟಿಕ್, ಸೀಬೆಹಣ್ಣು ಕತ್ತರಿಸುವಾಗ ಕೈಗೆ ಮೊದಲು ಗೊತ್ತಾಗುವುದು ಅಲಗಿನ ದಪ್ಪ. ದಪ್ಪ ಅಲಗಿನ ಚಾಕು ಎಷ್ಟೇ ಹರಿತ ಇರಲಿ, ಸೀಬೆಹಣ್ಣಿನೊಳಗೆ ಅರ್ಧ ಹೋಗುವಷ್ಟರಲ್ಲಿ ಹಣ್ಣನ್ನು ಸೀಳಿ ಎರಡು ಮಾಡುತ್ತದೆ. ತೆಳು ಅಲಗು ಸುಮ್ನೆ ಕೆಳಗಿಳಿಯುತ್ತದೆ. ರಟ್ಟಿನ ಡಬ್ಬಿಯಲ್ಲೂ ಹಾಗೇ. ತೆಳು ಅಲಗಿನ ಸಾಧಾರಣ ಉಕ್ಕು, ದಪ್ಪ ಅಲಗಿನ ದುಬಾರಿ ಉಕ್ಕಿಗಿಂತ ನನ್ನ ಕೆಲಸಕ್ಕೆ ಎಷ್ಟೋ ಮೇಲು. ಇದು ನಾನು ಪಕ್ಕಪಕ್ಕ ಇಟ್ಟು ಕತ್ತರಿಸಿ ನೋಡಿ ಹೇಳುತ್ತಿರುವ ಮಾತು. ತೆಳುವಾದಷ್ಟೂ ಚಾಕು ಹಗುರವಾಗುತ್ತದೆ ಅನ್ನುವುದೂ ಇದರ ಜೊತೆಗೇ ಸಿಗುವ ಲಾಭ.

ಕಾನೂನು ಏನು ಹೇಳುತ್ತದೆ ಅಂತ ಮನೆಯವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನಮ್ಮಲ್ಲಿ 1959ರ ಆಯುಧ ಕಾಯ್ದೆ ಇದೆ. ಬರೀ ಮನೆಗೆಲಸಕ್ಕೆ ಅಥವಾ ಬೇಸಾಯಕ್ಕೆ ಅಂತ ಮಾಡಿದ ವಸ್ತುಗಳನ್ನು ಅದು ಆಯುಧದ ಅರ್ಥದಿಂದ ಹೊರಗಿಡುತ್ತದೆ. ಆ ಕಾಯ್ದೆಯ ಕೆಳಗೆ ಬರುವ ನಿಯಮಗಳ ಪಟ್ಟಿಯಲ್ಲಿ ಹೆಸರಿಸಿರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿರುವ ಕತ್ತಿ, ಚಾಕುಗಳನ್ನು. ನನ್ನ ಮೂರು ಇಂಚು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೂ ಗುಂಡಿ ಒತ್ತಿದರೆ ಚಿಮ್ಮುವ ಚಾಕು ಬೇಡ ಅಂತ ಮೊದಲ ದಿನವೇ ನಿರ್ಧರಿಸಿದ್ದೆ. ಉತ್ತರ ಪ್ರದೇಶದ ರಾಂಪುರದ ಹೆಸರು ಹೊತ್ತ ಆ ಬಗೆಯ ಚಾಕುವಿಗೆ ಸಿನಿಮಾಗಳಿಂದಾಗಿ ನಮ್ಮ ಜನರ ಮನಸ್ಸಿನಲ್ಲಿ ಒಂದೇ ಅರ್ಥ. ನಿಷೇಧಾಜ್ಞೆ ಇರುವ ದಿನ, ಮೆರವಣಿಗೆಯ ಬೀದಿ, ಕೋರ್ಟು, ಇಂಥ ಕಡೆ ಯಾವ ಚಾಕುವೂ ಜೇಬಿನಲ್ಲಿರಬಾರದು. ಪೊಲೀಸರು ಕೇಳಿದರೆ ಯಾಕೆ ಇಟ್ಟುಕೊಂಡಿದ್ದೀರಿ ಅನ್ನುವುದಕ್ಕೆ ನೇರ ಉತ್ತರ ಇರಬೇಕು. ನನ್ನ ಚೀಲದಲ್ಲಿ ಹುರಿಯುಂಡೆ, ಕತ್ತರಿ, ಮಣ್ಣು ಮೆತ್ತಿದ ಕೈಗವಸು ಇರುತ್ತವೆ. ಉತ್ತರ ಅಲ್ಲೇ ಇದೆ.

ಇನ್ನೊಂದು ಮಾತು ಕೂಡ ಹೇಳಿಬಿಡುತ್ತೇನೆ. ಹೆಂಗಸು ಚಾಕು ಕೊಳ್ಳಲು ಹೋದರೆ ಅಂಗಡಿಯವರು "ಸೇಫ್ಟಿಗಾ ಮೇಡಂ?" ಅಂತ ಕೇಳುತ್ತಾರೆ. ಅಲ್ಲ. ಇಷ್ಟು ಚಿಕ್ಕ ಚಾಕು ಯಾರನ್ನೂ ಕಾಪಾಡುವುದಿಲ್ಲ. ಎದುರಿನವರ ಕೈಗೆ ಸಿಕ್ಕರೆ ಅಪಾಯ ಇನ್ನೂ ಜಾಸ್ತಿ. ಆ ಯೋಚನೆಯಿಂದ ಚಾಕು ಆರಿಸಲು ಹೊರಟರೆ ದೊಡ್ಡದು, ಭಾರದ್ದು, ಹೆದರಿಸುವಂಥದ್ದೇ ಮನೆಗೆ ಬರುತ್ತದೆ. ನನಗೆ ಬೇಕಾಗಿದ್ದು ಹುರಿ ಕತ್ತರಿಸುವ ಸಾಮಾನು.

ಫ್ರಾನ್ಸಿಗೆ ಹೋಗಿ ಬಂದಿದ್ದ ಒಬ್ಬ ಗ್ರಾಹಕರು ತಮ್ಮ ಒಪಿನೆಲ್ ಚಾಕುವನ್ನು ಕೆಲವು ವಾರ ಇಟ್ಟುಕೊಳ್ಳಿ ಅಂತ ಕೊಟ್ಟರು. ಅದನ್ನು ಹಿಡಿದ ಕೂಡಲೇ ಹುಡುಕಾಟ ಮುಗಿಯಿತು ಅನ್ನಿಸಿತು. ಫ್ರಾನ್ಸಿನ ಸಾವೋಯ್ ಗುಡ್ಡಗಾಡಿನಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ರೈತರ ಚಾಕು. ಯುರೋಪಿನಲ್ಲಿ ಬೆಳೆಯುವ ಬೀಚ್ ಅನ್ನುವ ಮರದ ದುಂಡನೆಯ ಹಿಡಿ, ಎರಡು ಮಿಲಿಮೀಟರಿಗಿಂತ ತೆಳುವಾದ ಅಲಗು. ಎಂಟನೇ ನಂಬರಿನ ಅಳತೆಯದು ಎಂಟೂವರೆ ಸೆಂಟಿಮೀಟರ್ ಅಲಗಿದ್ದೂ ಐವತ್ತು ಗ್ರಾಂ ಮುಟ್ಟುವುದಿಲ್ಲ. ಕೊರಳಲ್ಲಿ ಒಂದು ಉಕ್ಕಿನ ಬಳೆ ಇದೆ. ಅದನ್ನು ತಿರುಗಿಸಿದರೆ ಅಲಗು ಮಡಚಿಕೊಳ್ಳದ ಹಾಗೆ ಬಿಗಿಯಾಗುತ್ತದೆ. ಆ ಬಳೆ ಸೇರಿದ್ದು 1955ರಲ್ಲಿ. ಕತ್ತರಿಸುವ ವಿಷಯದಲ್ಲಿ ನಾನು ನೋಡಿದ ಯಾವ ಚಾಕುವೂ ಅದರ ಸಮಕ್ಕೆ ಬರಲಿಲ್ಲ. ಹೀರೇಕಾಯಿ, ನಿಂಬೆ, ಪೈಪು, ಯಾವುದಾದರೂ ಸರಿ.

ಆದರೆ ಅದು ಜುಲೈ ತಿಂಗಳು. ಬೆಂಗಳೂರಿನ ಜುಲೈ ಗೊತ್ತಲ್ಲ, ಸುರಿಯುವುದೂ ಇಲ್ಲ, ಬಿಡುವುದೂ ಇಲ್ಲ. ನನ್ನ ಕೈ ಬೆಳಗಿನಿಂದ ಸಂಜೆವರೆಗೆ ಒದ್ದೆ. ಬೀಚ್ ಮರ ನೀರು ಕುಡಿದು ಉಬ್ಬುತ್ತದೆ. ಉಬ್ಬಿದಾಗ ಹಿಡಿಯ ಸೀಳು ಬಿಗಿದು ಅಲಗು ಹೊರಗೇ ಬರುವುದಿಲ್ಲ. ಉಗುರು ಕಿತ್ತುಹೋಗುವಷ್ಟು ಎಳೆಯಬೇಕು. ಇದಕ್ಕೆ ಸಾವೋಯ್ ಜನರದ್ದೇ ಒಂದು ಉಪಾಯ ಇದೆ. ಹಿಡಿಯ ಹಿಂಬದಿಯನ್ನು ಮೇಜಿಗೆ ಒಮ್ಮೆ ಕುಟ್ಟಿದರೆ ಅಲಗು ಸ್ವಲ್ಪ ಹೊರಗೆ ಬರುತ್ತದೆ. ನಾನು ಪ್ಯಾರಪೆಟ್ ಗೋಡೆಗೆ ಕುಟ್ಟಿದೆ, ಬಂತು. ಅಗಸೆ ಎಣ್ಣೆ ಸವರಿ ಒಣಗಿಸಿದೆ, ಆಗ ಉಬ್ಬುವುದು ಕಡಿಮೆಯಾಯಿತು. ಪೂರ್ತಿ ನಿಲ್ಲಲಿಲ್ಲ. ಅವರು ಕೊಟ್ಟಿದ್ದು ಇಂಗಾಲದ ಉಕ್ಕಿನದು, ಸ್ಟೇನ್‌ಲೆಸ್ ಅಲ್ಲ. ನಿಂಬೆ ಕತ್ತರಿಸಿದ ಜಾಗ ಕಪ್ಪಾಯಿತು. ಆ ಕಪ್ಪು ಕೆಟ್ಟದ್ದಲ್ಲ, ಮುಂದೆ ತುಕ್ಕು ಹಿಡಿಯುವುದನ್ನು ಸ್ವಲ್ಪ ತಡೆಯುತ್ತದೆ. ಆದರೆ ಸಂಜೆ ಒರೆಸದೆ ಜೇಬಲ್ಲೇ ಬಿಟ್ಟರೆ ಬೆಳಗ್ಗೆ ಕೆಂಪು ತುಕ್ಕು ಕೂತಿರುತ್ತಿತ್ತು. ಅವರ ವಸ್ತುವನ್ನು ಚೆನ್ನಾಗಿ ಮಸೆದು, ಎಣ್ಣೆ ಹಚ್ಚಿ ಹಿಂದಿರುಗಿಸಿದೆ. ಒಣ ಊರಿನವರಿಗೆ, ಅಡುಗೆಮನೆಗೆ, ಪ್ರವಾಸಕ್ಕೆ ಅದನ್ನು ಕಣ್ಣು ಮುಚ್ಚಿ ಹೇಳುತ್ತೇನೆ.

ಹಗುರ ಚಾಕುಗಳಲ್ಲಿ ಹೊಸ ಕಾಲದವು ಬೇರೆ ಇವೆ. ಪ್ಲಾಸ್ಟಿಕ್ ಹಿಡಿ, ಒಂದೇ ಕೈಯಲ್ಲಿ ತೆರೆಯಬಹುದು, ಜೇಬಿಗೆ ಸಿಕ್ಕಿಸುವ ಕ್ಲಿಪ್. ಹೆಬ್ಬೆರಳಿಗೆ ಅಲಗಿನಲ್ಲೇ ದುಂಡು ತೂತು, ಜೇಬಿಗೆ ಕ್ಲಿಪ್ಪು, ಈ ಎರಡನ್ನೂ 1981ರಲ್ಲಿ ಒಟ್ಟಿಗೆ ತಂದವರು ಅಮೆರಿಕದ ಸ್ಪೈಡರ್ಕೊದವರು. ಅವರ ಡ್ರಾಗನ್‌ಫ್ಲೈ 34 ಗ್ರಾಂ ಮಾತ್ರ. ಬೆಂಚ್‌ಮೇಡ್ ಅನ್ನುವ ಇನ್ನೊಂದು ಕಂಪನಿಯ ಬಗ್‌ಔಟ್ ಮೂರು ಇಂಚು ದಾಟಿದ ಅಲಗಿದ್ದೂ 52 ಗ್ರಾಂ. ಸೈಕಲ್ ಗುಂಪಿನ ಗೆಳೆಯರೊಬ್ಬರ ಹತ್ತಿರ ಬಗ್‌ಔಟ್ ಇತ್ತು, ಭಾನುವಾರ ಪೂರ್ತಿ ಬಳಸಿ ನೋಡಿದೆ. ಎಂಜಿನಿಯರಿಂಗ್ ಅಂದರೆ ಅದು. ಏಣಿಯ ಮೇಲೆ ನಿಂತಾಗ ಒಂದೇ ಕೈಯಲ್ಲಿ ತೆರೆಯುವುದು ದೊಡ್ಡ ಅನುಕೂಲ, ಅದನ್ನು ಒಪ್ಪಲೇಬೇಕು. ಆದರೆ ಎರಡು ಕಾರಣಕ್ಕೆ ಬಿಟ್ಟೆ. ಒಂದು ಬೆಲೆ. ಮಣ್ಣಿನಲ್ಲಿ ಆಡಿಸುವ, ಯಾವುದೋ ಮನೆಯ ಕಟ್ಟೆಯ ಮೇಲೆ ಮರೆತು ಬರಬಹುದಾದ ವಸ್ತುವಿಗೆ ಅಷ್ಟು ದುಡ್ಡು ಹಾಕಲು ಮನಸ್ಸಾಗಲಿಲ್ಲ. ಇನ್ನೊಂದು, ನಾನು ಕೆಲಸ ಮಾಡುವುದು ಬೇರೆಯವರ ಮನೆಯಲ್ಲಿ. ಚಟ್ ಅಂತ ಸದ್ದು ಮಾಡಿ ತೆರೆದುಕೊಳ್ಳುವ ಚಾಕು ನೋಡಿ ಪಕ್ಕದಲ್ಲಿ ನಿಂತಿದ್ದ ಅಜ್ಜಿ ಒಂದು ಹೆಜ್ಜೆ ಹಿಂದೆ ಸರಿದರು. ಅವರ ಮುಖ ನೋಡಿ ನನಗೆ ಬೇಸರವಾಯಿತು.

ಎರಡೂ ಕೈ ಬಳಸಿ, ಉಗುರಿನಿಂದ ನಿಧಾನವಾಗಿ ಬಿಚ್ಚುವ ಚಾಕುವಿಗೆ ಯಾರೂ ಹೆದರುವುದಿಲ್ಲ. ಅದು ಎಲ್ಲರ ಅಜ್ಜನ ಹತ್ತಿರವೂ ಇದ್ದ ಅಡಿಕೆ ಚಾಕುವಿನ ಹಾಗೆ ಕಾಣುತ್ತದೆ. ಕೊನೆಗೆ ನಾನು ಬಂದು ನಿಂತದ್ದು ಅಂಥದ್ದರ ಹತ್ತಿರವೇ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ ಕೆಡೆಟ್. ಕೆಂಪು ಪ್ಲಾಸ್ಟಿಕ್ ಹಿಡಿಯದಲ್ಲ, ಗೀರು ಗೀರಾದ ಅಲ್ಯೂಮಿನಿಯಂ ಹಿಡಿಯದು. ಮಡಚಿದಾಗ 84 ಮಿಲಿಮೀಟರ್, ತೂಕ 46 ಗ್ರಾಂ. ಒಂದು ಅಲಗು, ಒಂದು ಉಗುರಿನ ಅರ, ಡಬ್ಬಿ ತೆಗೆಯುವುದು, ಬಾಟಲಿ ತೆಗೆಯುವುದು. ಆ ಎರಡರ ತುದಿಯೂ ಸ್ಕ್ರೂಡ್ರೈವರ್. ಹನಿ ನೀರಾವರಿಯ ಕ್ಲಾಂಪ್ ಬಿಗಿಮಾಡಲು ಇದು ದಿನವೂ ಬೇಕು. ನಾನು ಚಾಕು ಹುಡುಕುವಾಗ ಇದನ್ನು ಎಣಿಸಿಯೇ ಇರಲಿಲ್ಲ.

ಇದರ ಹಿಂದಿನ ಕಥೆ ನನ್ನ ಹುಡುಕಾಟಕ್ಕೆ ಹತ್ತಿರವಾದದ್ದು, ಅದಕ್ಕೇ ಹೇಳುತ್ತೇನೆ. ವಿಕ್ಟೋರಿನಾಕ್ಸ್ ಕಟ್ಟಿದ ಕಾರ್ಲ್ ಎಲ್ಸೆನರ್ 1884ರಲ್ಲಿ ಸ್ವಿಟ್ಜರ್ಲೆಂಡಿನ ಇಬಾಕ್‌ನಲ್ಲಿ ಚಾಕು ಮಾಡುವ ಕಾರ್ಯಾಗಾರ ಶುರು ಮಾಡಿದರು. 1891ರಲ್ಲಿ ಸೈನಿಕರಿಗೆ ಚಾಕು ಕೊಟ್ಟರು. ಅದು ಗಟ್ಟಿ, ಆದರೆ ಭಾರ. ಹಾಗಾಗಿ 1897ರಲ್ಲಿ ಅಧಿಕಾರಿಗಳಿಗೆ ಅಂತ ಹಗುರವಾದ, ಇನ್ನೂ ಹೆಚ್ಚು ಉಪಕರಣ ಹಿಡಿಸುವ ಚಾಕು ಮಾಡಿದರು. ಜಗತ್ತಿಗೆಲ್ಲ ಪರಿಚಯವಾಗಿದ್ದು ಆ ಹಗುರವಾದದ್ದೇ.

ಇದರಲ್ಲಿ ಲಾಕ್ ಇಲ್ಲ. ಬೆನ್ನಿನ ಸ್ಪ್ರಿಂಗ್ ಒತ್ತಡವೊಂದೇ ಅಲಗನ್ನು ಹಿಡಿದಿಡುತ್ತದೆ. ಇದರ ಬಗ್ಗೆ ನನಗೆ ಅನುಮಾನ ಇತ್ತು. ತುದಿಯಿಂದ ಚುಚ್ಚುವ ಕೆಲಸಕ್ಕೆ ಲಾಕ್ ಇಲ್ಲದ ಚಾಕು ಸರಿಯಲ್ಲ, ಮಡಚಿಕೊಂಡು ಬೆರಳಿಗೆ ಬರಬಹುದು. ಆದರೆ ನನ್ನ ಪಟ್ಟಿಯಲ್ಲಿ ಚುಚ್ಚುವ ಕೆಲಸ ಇದ್ದದ್ದು ಗೊಬ್ಬರದ ಚೀಲ ಒಂದೇ. ಅದಕ್ಕೂ ಹೊಲಿಗೆಯ ದಾರ ಎಳೆದು ಕೊಯ್ದರೆ ಸಾಕು. ಚೀಲವೂ ಮರುಬಳಕೆಗೆ ಉಳಿಯುತ್ತದೆ. ಕೊಯ್ಯುವಾಗ ಬಲವೆಲ್ಲ ಅಲಗನ್ನು ತೆರೆಯುವ ದಿಕ್ಕಿಗೇ ಬೀಳುವುದರಿಂದ ಮಡಚಿಕೊಳ್ಳುವ ಭಯ ಇಲ್ಲ.

ಅಲ್ಯೂಮಿನಿಯಂ ಮಳೆಗೆ ಉಬ್ಬುವುದಿಲ್ಲ. ಕೀಲಿನಲ್ಲಿ ಮಣ್ಣು ಸೇರಿದರೆ ಬಿಸಿನೀರಿನಲ್ಲಿ ಹಿಡಿದು ನಾಲ್ಕಾರು ಸಲ ಬಿಚ್ಚಿ ಮಡಚಿದರೆ ಹೋಗುತ್ತದೆ. ಒಣಗಿಸಿ ಒಂದು ಹನಿ ಎಣ್ಣೆ ಬಿಡುತ್ತೇನೆ. ನಿಂಬೆ ಗಿಡದಿಂದ ಇನ್ನೊಂದು ನಿಂಬೆ ಗಿಡಕ್ಕೆ ಹೋಗುವಾಗ ಅಲಗನ್ನು ಸ್ಪಿರಿಟ್ಟಿನಲ್ಲಿ ಒರೆಸಲೇಬೇಕು, ಕಜ್ಜಿ ರೋಗ ಉಪಕರಣದಿಂದಲೂ ಹರಡುತ್ತದೆ. ಸ್ಟೇನ್‌ಲೆಸ್ ಆದ್ದರಿಂದ ದಿನಕ್ಕೆಷ್ಟು ಸಲ ಒರೆಸಿದರೂ ಏನೂ ಆಗುವುದಿಲ್ಲ.

ಇದರ ಉಕ್ಕು ಬಹಳ ಗಡಸು ಅಲ್ಲ, ರಾಕ್‌ವೆಲ್ ಅಳತೆಯಲ್ಲಿ 56ರ ಸುತ್ತಮುತ್ತ. ಡಿ2ಗಿಂತ ಬೇಗ ಮೊಂಡಾಗುತ್ತದೆ ಅನ್ನುವುದು ನಿಜ. ಆದರೆ ಮಸೆಯುವುದು ಅಷ್ಟೇ ಸುಲಭ. ಎಸ್.ಪಿ. ರಸ್ತೆಯಲ್ಲಿ ತಂದ ಸಾವಿರ ಗ್ರಿಟ್ಟಿನ ಸಾಣೆಕಲ್ಲಿನ ಮೇಲೆ ಐದು ನಿಮಿಷ ಸಾಕು. ಎರಡೂ ಕಡೆ ಹದಿನೈದರಿಂದ ಇಪ್ಪತ್ತು ಡಿಗ್ರಿ ಕೋನ. ಗ್ರಾಹಕರ ಮನೆಯಲ್ಲಿದ್ದಾಗ ಪಿಂಗಾಣಿ ಬಟ್ಟಲಿನ ತಳದ ಒರಟು ಅಂಚಿನ ಮೇಲೆ ನಾಲ್ಕು ಸಲ ಎಳೆದರೂ ಆಯಿತು. ಸೈಕಲ್ಲಿನ ಮೇಲೆ ಚಕ್ರ ಕಟ್ಟಿಕೊಂಡು ಬೀದಿಯಲ್ಲಿ ಬರುವ ಸಾಣೆಯವರಿಗೆ ನಾನು ಕುಡುಗೋಲು, ಮಚ್ಚು ಕೊಡುತ್ತೇನೆ. ಅವರ ಕೈ ಪಳಗಿದ ಕೈ. ಆದರೆ ಇಷ್ಟು ತೆಳು ಅಲಗನ್ನು ನೀರಿಲ್ಲದೆ ವೇಗದ ಚಕ್ರಕ್ಕೆ ಹಿಡಿದರೆ ಅಂಚು ಕಾದು ನೀಲಿಯಾಗಬಹುದು. ನೀಲಿಯಾದರೆ ಹದ ಹೋಯಿತು ಅಂತಲೇ ಅರ್ಥ, ಆಮೇಲೆ ಎಷ್ಟು ಮಸೆದರೂ ಅಂಚು ನಿಲ್ಲುವುದಿಲ್ಲ.

ಮಲ್ಲೇಶ್ವರದ ಕಡೆ ಕೆಲಸವಿದ್ದಾಗ ಮೆಟ್ರೊದಲ್ಲಿ ಹೋಗುತ್ತೇನೆ. ಅಲ್ಲಿ ಚೀಲ ಎಕ್ಸ್‌ರೇ ಯಂತ್ರದೊಳಗೆ ಹೋಗುತ್ತದೆ, ಹರಿತವಾದ ಸಾಮಾನಿಗೆ ಅವಕಾಶ ಇಲ್ಲ. ಹಾಗಾಗಿ ಆ ಮನೆಯವರ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಒಂದು ಹಳೆಯ ಚಾಕು, ಒಂದು ಕತ್ತರಿ ಕಾಯಂ ಇಟ್ಟಿದ್ದೇನೆ. ವಿಮಾನದಲ್ಲಿ ಹೋಗುವವರು ಕೈಚೀಲದಲ್ಲಿ ಇಡಬಾರದು, ಚೆಕ್-ಇನ್ ಪೆಟ್ಟಿಗೆಯಲ್ಲೇ ಹಾಕಬೇಕು. ಹೊರಡುವ ಹಿಂದಿನ ರಾತ್ರಿ ಜೇಬು ತಡವಿ ನೋಡುವುದು ಒಳ್ಳೆಯದು. ಇಷ್ಟು ಹಗುರದ್ದು ಇದೆ ಅನ್ನುವುದೇ ಮರೆತುಹೋಗುತ್ತದೆ.

ನನ್ನ ಜೊತೆ ಕೆಲಸ ಮಾಡುವ ಹುಡುಗನೂ ಕೆಡೆಟ್ ಬೇಕು ಅಂದ. ಅವನಿಗೆ ಅದು ಒಗ್ಗಲಿಲ್ಲ. ಅವನು ಎಡಚ. ಅಲಗಿನ ಮೇಲೆ ಉಗುರು ಸಿಕ್ಕಿಸುವ ಗೀರು ಬಲಗೈಯವರಿಗೆ ಅನುಕೂಲವಾಗುವ ಕಡೆಗಿದೆ. ಎಡಗೈಯಲ್ಲಿ ಬಿಚ್ಚಲು ಅವನು ಚಾಕುವನ್ನು ತಿರುಗಿಸಿ ಮುರುಗಿಸಿ ಹಿಡಿಯಬೇಕಾಯಿತು. ಹಿಡಿಯ ಒಳಗಿನ ತಗಡು ಅಲಗನ್ನು ತಡೆದು ನಿಲ್ಲಿಸುವ ಲೈನರ್ ಲಾಕ್ ಕೂಡ ಬಲಗೈ ಹೆಬ್ಬೆರಳಿಗೆ ಅಂತಲೇ ಮಾಡಿದ್ದು. ಹಿಡಿಯ ಬೆನ್ನಿನ ಮೇಲೆ ಒತ್ತಿ ಬಿಡಿಸುವ ಬ್ಯಾಕ್ ಲಾಕ್ ಎರಡೂ ಕೈಗೆ ಒಂದೇ. ಹಾಗಾಗಿ ಅವನಿಗೆ ಅಂಥದ್ದೊಂದು ಕೊಡಿಸಿದೆ. ಎಪ್ಪತ್ತು ಗ್ರಾಂ ಚಿಲ್ಲರೆ ಬರುತ್ತದೆ. ಅವನು ಹಾಕುವುದು ದಪ್ಪ ಜೀನ್ಸ್, ಅದಕ್ಕೆ ಆ ಭಾರ ಲೆಕ್ಕಕ್ಕಿಲ್ಲ. ಈಗ ಸಂಜೆ ಕೆಲಸ ಮುಗಿದ ಮೇಲೆ ಮಸೆಯುವುದನ್ನು ಕಲಿಯುತ್ತಿದ್ದಾನೆ. ಕೋನ ಇನ್ನೂ ಕೈಗೆ ಕೂತಿಲ್ಲ, ತುದಿಯ ಹತ್ತಿರ ಬಂದಾಗ ಹಿಡಿ ಎತ್ತುತ್ತಾನೆ.